ಮುದ್ದೆ ತಪ್ಪಲೆಯ ಕಂಠ

ನಮ್ಮ ಮನೆಯಲ್ಲಿ ಅಡುಗೆ ಮಾಡುವುದು ದೊಡ್ಡ ಕೆಲಸವಾಗಿರಲಿಲ್ಲ. ಮಾಡಿದ ಪಾತ್ರೆಯನ್ನು ತೊಳೆದು ಅಜ್ಜಿಯ ಕೈಯಲ್ಲಿ ಪಾಸು ಮಾಡಿಸಿಕೊಳ್ಳುವುದೇ ದೊಡ್ಡ ಕೆಲಸ. ಸಾರಿಗೆ ಉಪ್ಪು ಹೆಚ್ಚಾದರೆ ಅಜ್ಜಿ ಏನೂ ಅನ್ನದೆ ಇನ್ನೊಂದು ತುತ್ತು ಮುರಿದುಕೊಳ್ಳುತ್ತಿದ್ದಳು. ಮುದ್ದೆಯಲ್ಲಿ ಗಂಟು ಸಿಕ್ಕರೆ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಊಟ ಮುಂದುವರಿಸುತ್ತಿದ್ದಳು. ಆದರೆ ಊಟವಾಗಿ, ಹಿತ್ತಲ ಬಾವಿಯ ಪಕ್ಕದ ಚಪ್ಪಡಿಯ ಮೇಲೆ ಅಮ್ಮ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದಳೆಂದರೆ ಸಾಕು, ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು ಬರುತ್ತಿದ್ದಳು. ಒಂದೊಂದೇ ಪಾತ್ರೆಯನ್ನು ಎತ್ತಿ, ತೋರುಬೆರಳನ್ನು ಕಂಠದ ಒಳಮಡಿಕೆಗೆ ಹಾಕಿ ಸುತ್ತ ಒಂದು ಸಲ ಎಳೆಯುವಳು. ಆ ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡುವಳು. ಸ್ವಲ್ಪ ಜಿಗುಟು ತಗುಲಿತೋ, ನಮ್ಮ ಅಂದಿನ ಮಧ್ಯಾಹ್ನ ಮುಗಿಯಿತು.

"ಹಿಟ್ಟೈತೆ ಕಣೇ ನಾಗು. ಎಲ್ಲಾ ಮತ್ತೆ ತೊಳಿ."

ನಾಗು ಎಂದರೆ ನಮ್ಮಮ್ಮ. ಎಲ್ಲಾ ಎಂದರೆ ಎಲ್ಲಾ. ಜಿಗುಟು ಇದ್ದ ಪಾತ್ರೆಯೊಂದನ್ನೇ ತೊಳೆದರೆ ಆಗದು. ತಪ್ಪಲೆಗೆ ಮುಸುರೆ ಇದ್ದರೆ ಅದಕ್ಕೆ ತಗುಲಿದ ಚೆಂಬಿಗೂ ಮುಸುರೆ, ಚೆಂಬಿಗೆ ತಗುಲಿದ ಸೌಟಿಗೂ ಮುಸುರೆ. ಹಾಗಾಗಿ ಇಡೀ ರಾಶಿ ತಿರುಗಿ ಚಪ್ಪಡಿಗೆ ಬರುತ್ತಿತ್ತು. ಬಾವಿಯಿಂದ ನೀರು ಸೇದಿ ಕೊಡುವುದು, ಒಲೆಯ ಬೂದಿಯನ್ನು ಜರಡಿ ಹಿಡಿದು ತರುವುದು ನನ್ನ ಕೆಲಸವಾದ್ದರಿಂದ ಅಮ್ಮನ ಶಿಕ್ಷೆಯಲ್ಲಿ ನನಗೂ ಪಾಲಿತ್ತು. ಓರಗೆಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿರುವ ಸದ್ದು ಹಿಂದಿನ ಓಣಿಯಿಂದ ಕೇಳುತ್ತಿತ್ತು. ನಾನು ಹಗ್ಗ ಎಳೆಯುತ್ತ ಅಜ್ಜಿಯ ಆ ಬೆರಳನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಅಜ್ಜಿಯ ತವರು ಚಿಕ್ಕಬಳ್ಳಾಪುರ. ಗೌರಿಬಿದನೂರಿಗೆ ಸೊಸೆಯಾಗಿ ಬಂದು ಮೊಮ್ಮಗಳನ್ನು ಕಂಡಿದ್ದರೂ ಅವಳ ಪಾಲಿಗೆ ಚೊಕ್ಕಟ ಎಂಬುದು ಬಳ್ಳಾಪುರದಲ್ಲೇ ಉಳಿದುಬಿಟ್ಟಿತ್ತು. 'ನಮ್ಮ ಬಳ್ಳಾಪುರದ ಮನೇಲಿ' ಎಂದು ಶುರು ಮಾಡಿದರೆ, ಅಲ್ಲಿಯ ಹಿತ್ತಾಳೆ ಕೊಳಗಗಳಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುತ್ತಿದ್ದರು ಎನ್ನುವವರೆಗೆ ಮಾತು ನಿಲ್ಲುತ್ತಿರಲಿಲ್ಲ. ಪಾತ್ರೆ ತೊಳೆಯುವುದೆಂದರೆ ಅವಳಿಗೆ ಬೂದಿ, ಹಿಂಡಿ ಉಳಿದ ಹುಣಸೆಹಣ್ಣು, ತೆಂಗಿನ ನಾರು, ಮತ್ತು ಯಾರದಾದರೂ ತೋಳು ಬಿದ್ದುಹೋಗುವಷ್ಟು ಉಜ್ಜಾಟ. ಅಮ್ಮನ ತವರು ನಗರಗೆರೆ. ಅಲ್ಲಿ ತಾತನ ಮನೆಯಲ್ಲಿ ಅಡುಗೆಯೆಲ್ಲ ಮಣ್ಣಿನ ಮಡಕೆಯಲ್ಲಿ. ಮಡಕೆಗೆ ಬೂದಿ ಹಾಕಿ ತಿಕ್ಕಿದರೆ ಬೂದಿ ಅದರ ಮೈಯೊಳಗೆ ಇಳಿದು ಮಾರನೆಯ ದಿನದ ಸಾರಿಗೆ ಅದರದೇ ರುಚಿ ಬರುತ್ತದೆ. ಮಡಕೆಯನ್ನು ನೀರಿನಲ್ಲಿ ನೆನೆಯಲು ಬಿಡಬೇಕು, ಅಂಗೈಯಲ್ಲಿ ಸವರಬೇಕು, ಬಿಸಿಲಿಗೆ ಬಾಯಿ ಮಾಡಿ ಇಡಬೇಕು. ಅಮ್ಮ ಕಲಿತು ಬಂದದ್ದು ಇದು. ಹೆತ್ತ ತಾಯಿಯನ್ನು ಹಸುಗೂಸಾಗಿದ್ದಾಗಲೇ ಕಳೆದುಕೊಂಡಿದ್ದ ಅವಳಿಗೆ ಇದನ್ನು ಕಲಿಸಿದವನು ತಾತನೇ. ಮರುಮದುವೆಯಾಗದೆ, ತಾನೇ ಮುದ್ದೆ ತಿರುವಿ, ತಾನೇ ಮಡಕೆ ತೊಳೆದು ಇರುವ ಒಬ್ಬಳೇ ಮಗಳನ್ನು ಸಾಕಿದವನು ಅವನು. ನನಗಾದರೆ ಆ ಸಂಗತಿ ಹೆಮ್ಮೆಯದಾಗಿ ಕಾಣುತ್ತಿತ್ತು. ಅಜ್ಜಿಯ ಬಾಯಿಗೆ ಮಾತ್ರ ಅದೇ ಸಿಕ್ಕಿಬಿಟ್ಟಿತ್ತು.

"ಮಣ್ಣಿನ ಮಡಕೆ ಜನ. ಹಿತ್ತಾಳೆ ಮುಖ ಕಂಡಿದ್ರಲ್ವ ತೊಳೆಯಕ್ಕೆ. ಇವ್ರಪ್ಪ ಸರ್ಯಾಗಿ ಕಲ್ಸಿದ್ರೆ ತಾನೇ."

ಹೀಗೆಂದು ಅವಳು ಅಮ್ಮನಿಗೆ ನೇರವಾಗಿ ಹೇಳುತ್ತಿರಲಿಲ್ಲ. ಎಮ್ಮೆಗೆ ಹೇಳುವಳು, ತುಳಸಿಕಟ್ಟೆಗೆ ಹೇಳುವಳು, ನನಗೆ ಹೇಳುವಳು. ಅಮ್ಮನ ಕೈ ಒಂದು ಕ್ಷಣ ನಿಂತು ಮತ್ತೆ ಉಜ್ಜತೊಡಗುತ್ತಿತ್ತು. ತನ್ನನ್ನು ಎಷ್ಟು ಅಂದರೂ ಅಮ್ಮ ನುಂಗಿಕೊಳ್ಳುತ್ತಿದ್ದಳು. ಅವಳಪ್ಪನನ್ನು ಅಂದ ದಿನ ಮಾತ್ರ ಊಟ ಮಾಡುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮುದ್ದೆ ತಪ್ಪಲೆ. ಅದು ಅಜ್ಜಿ ಮದುವೆಯಲ್ಲಿ ತವರಿನಿಂದ ತಂದ ಹಿತ್ತಾಳೆಯದು, ಒಳಗೆ ಕಲಾಯಿ. ಅದರ ಬಾಯಿಯ ಅಂಚು ಒಳಕ್ಕೆ ಸುರುಳಿ ಸುತ್ತಿಕೊಂಡಿತ್ತು. ಮುದ್ದೆ ತಿರುವುವಾಗ ಹಾರಿದ ಹಿಟ್ಟು ಆ ಸುರುಳಿಯೊಳಗೆ ಸೇರಿಕೊಂಡು ಒಲೆಯ ಶಾಖಕ್ಕೆ ಗಾರೆಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಉಗುರಿನಲ್ಲಿ ಕೆರೆಯಬಾರದು, ಕಲಾಯಿ ಹೋಗುತ್ತದೆ. ಸೌಟಿನ ಹಿಡಿಯಲ್ಲಿ ಮೀಟಬಾರದು, ಗೀರು ಬೀಳುತ್ತದೆ. ಮರಳು ಮುಟ್ಟಿಸುವ ಮಾತೇ ಇಲ್ಲ. ಹೋಗಲಿ, ನೆನೆಯಲು ಬಿಡೋಣವೆಂದರೆ ನೊಣ ಮುತ್ತುತ್ತದೆ, ಮನೆಗೆ ದರಿದ್ರ. ಬಿಸಿನೀರು ಹಾಕೋಣವೆಂದರೆ ಸೌದೆ ದಂಡ. ಮೊದಲು ತೊಳೆದ ನೀರನ್ನು ಚೆಲ್ಲುವಂತಿಲ್ಲ, ಅದು ಎಮ್ಮೆಯ ಕಲಗಚ್ಚಿಗೆ. ಅದರಲ್ಲಿ ಬೂದಿ ಸೇರುವಂತಿಲ್ಲ. ಇಷ್ಟೆಲ್ಲ ಆದ ಮೇಲೂ ಕಂಠದಲ್ಲಿ ಏನೂ ಇರಬಾರದು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ. ತೊಳೆಯುವ ದಾರಿಯನ್ನೆಲ್ಲ ಮುಚ್ಚಿ ಚೊಕ್ಕಟವಾಗಿ ತೊಳೆ ಎಂದರೆ ಯಾರು ತಾನೇ ಏನು ಮಾಡಬೇಕು? ತಪ್ಪಲೆಯನ್ನು ಬಾವಿಗೆ ಎಸೆದುಬಿಡೋಣ ಎಂದು ನಾನೊಮ್ಮೆ ಅಮ್ಮನ ಕಿವಿಯಲ್ಲಿ ಹೇಳಿದ್ದೆ. ಅವಳು ನಕ್ಕಳು. ನಕ್ಕದ್ದು ಅಜ್ಜಿಗೆ ಕೇಳಿತೇನೋ ಎಂದು ತಿರುಗಿಯೂ ನೋಡಿದಳು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಕಚೇರಿಯಲ್ಲಿ ರೈತರಿಗೆ ಗದರುವ ಗಂಟಲು ಅವನದೆಂದು ಊರಿನವರು ಹೇಳುತ್ತಿದ್ದರು. ಆ ಗಂಟಲನ್ನು ಅವನು ಚಪ್ಪಲಿಯ ಜೊತೆಗೆ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದ. ಒಂದು ದಿನ ನಾನೇ ಧೈರ್ಯ ಮಾಡಿ, ಅಜ್ಜಿಗೆ ನೀನಾದರೂ ಹೇಳಬಾರದೇ ಎಂದು ಕೇಳಿದೆ. ಅಪ್ಪ ಪತ್ರಿಕೆಯನ್ನು ಸ್ವಲ್ಪ ಕೆಳಗಿಳಿಸಿದ.

"ಪಾತ್ರೆ ವಿಷಯಕ್ಕೆಲ್ಲ ಗಂಡಸರು ಬಾಯಿ ಹಾಕ್ತಾರೇನಮ್ಮ. ಹೋಗು, ಅಮ್ಮಂಗೆ ನೀರು ಸೇದ್ಕೊಡು."

ಗೌರಿ ಹಬ್ಬ ಬಂದರೆ ತಾತ ನಗರಗೆರೆಯಿಂದ ಮಗಳನ್ನು ಕರೆದೊಯ್ಯಲು ಬರುತ್ತಿದ್ದ. ಅಮ್ಮನಿಗೆ ವರ್ಷಕ್ಕೆ ಇದೊಂದೇ ತವರು. ತಿಂಗಳ ಮುಂಚೆಯೇ ಅವಳ ನಡಿಗೆ ಹಗುರಾಗುತ್ತಿತ್ತು, ಕಸ ಗುಡಿಸುವಾಗ ಏನನ್ನೋ ಗುನುಗುತ್ತಿದ್ದಳು. ಆದರೆ ಹೋಗುವುದು ಕೂಡಿಬರುತ್ತಿರಲಿಲ್ಲ. ಒಂದು ವರ್ಷ ಎಮ್ಮೆ ಈಯುವ ಹೊತ್ತು ಎಂದಾಯಿತು, ಮುಂದಿನ ವರ್ಷ ಅಜ್ಜಿಗೆ ಮಂಡಿನೋವು ಎಂದಾಯಿತು. ತಾತ ತಂದ ಮೊರದ ಬಾಗಿನವನ್ನು ನಡುಮನೆಯಲ್ಲಿಟ್ಟು ಒಬ್ಬನೇ ಹಿಂತಿರುಗುತ್ತಿದ್ದ. ನಾನು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಒಂದು ವರ್ಷ ಮಾತ್ರ ಯಾವ ನೆಪವೂ ಬರಲಿಲ್ಲ. ಎಮ್ಮೆ ಚೆನ್ನಾಗಿತ್ತು, ಮಂಡಿ ಚೆನ್ನಾಗಿತ್ತು. ಈ ಸಲ ಕಳಿಸುತ್ತೇನೆ ಎಂದು ಅಜ್ಜಿ ತನ್ನ ಬಾಯಿಂದಲೇ ಹೇಳಿದ್ದಳು. ಅಮ್ಮ ಹಸಿರು ಸೀರೆಯನ್ನು ಮಡಿಸಿ ಹಾಸಿಗೆಯ ಅಡಿಗಿಟ್ಟು ಗೆರೆ ಕೂರಿಸಿದ್ದಳು. ನನಗೂ ಜೊತೆಗೆ ಹೋಗುವ ಸಂಭ್ರಮ.

ಯಾವುದಕ್ಕೂ ಇರಲಿ ಎಂದು ಬಾಗಿನದ ಮೊರವನ್ನೂ ಹಿಡಿದುಕೊಂಡು ತಾತ ಬೆಳಿಗ್ಗೆಯೇ ಬಂದ. ಮಗಳ ಮನೆಯಲ್ಲಿ ಉಣ್ಣಬಾರದೆಂಬುದು ಅವನ ಕಡೆಯ ರೂಢಿ. ಒಂದು ಲೋಟ ಮಜ್ಜಿಗೆ ಕುಡಿದು ಜಗಲಿಯ ಕಂಬಕ್ಕೆ ಒರಗಿ ಕುಳಿತ. ನಗರಗೆರೆಗೆ ಇದ್ದದ್ದು ಮಧ್ಯಾಹ್ನದ ಒಂದು ಬಸ್ಸು. ನಾವೆಲ್ಲ ಬೇಗ ಊಟ ಮುಗಿಸಿದೆವು. ಅಮ್ಮ ಹಸಿರು ಸೀರೆ ಉಟ್ಟು, ಇನ್ನೇನು ಹೊರಡಬೇಕು, ಆಗ ಅಜ್ಜಿ ಎಲೆಗೆ ಸುಣ್ಣ ಸವರುತ್ತ ಹೇಳಿದಳು.

"ಮುಸ್ರೆ ಬಿಟ್ಟು ಹೆಣ್ಮಕ್ಳು ಹೊಸ್ಲು ದಾಟಬಾರ್ದು. ತೊಳೆದಿಟ್ಟು ಹೋಗ್ಬಾಮ್ಮ. ಎಷ್ಟೊತ್ತು ಹಿಡಿಯುತ್ತೆ."

ಅಮ್ಮ ಸೆರಗು ಸಿಕ್ಕಿಸಿ ಹಿತ್ತಲಿಗೆ ಹೋದಳು. ನಾನು ಓಡಿಹೋಗಿ ನೀರು ಸೇದಿದೆ. ಅಷ್ಟು ಬೇಗ, ಅಷ್ಟು ಚೆನ್ನಾಗಿ ಅವಳು ತೊಳೆದದ್ದನ್ನು ನಾನು ನೋಡಿರಲಿಲ್ಲ. ಬೋರಲು ಹಾಕಿದಳು. ಅಜ್ಜಿ ಬಂದಳು. ಚೆಂಬು ಸರಿ, ಕೊಳಗ ಸರಿ, ಸಾರಿನ ಪಾತ್ರೆ ಸರಿ. ಮುದ್ದೆ ತಪ್ಪಲೆಗೆ ಬೆರಳು ಹಾಕಿ ಎಳೆದಳು.

"ಹಿಟ್ಟೈತೆ."

ಅಮ್ಮ ಅಜ್ಜಿಯ ಮುಖ ನೋಡಿದಳು. "ಅತ್ತೆ, ಬಸ್ಸಿಗೆ ಹೊತ್ತಾಗುತ್ತೆ. ಅದೊಂದನ್ನ ತೊಳೆದು ಹೋಗ್ಲಾ?" ಎಂದು ಕೇಳಿದಳು. ಅವಳು ಹಾಗೆ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

"ಒಂದು ತೊಳೆದ್ರೆ ಮಿಕ್ಕಿದ್ದಕ್ಕೆ ತಗಲಿರಲ್ವ? ನಾನೇನು ಹೊಸ್ದಾಗಿ ಹೇಳ್ತಿದೀನಾ," ಎಂದಳು ಅಜ್ಜಿ. ಆಮೇಲೆ ತುಳಸಿಕಟ್ಟೆಯ ಕಡೆ ತಿರುಗಿ, "ಇವ್ರಪ್ಪ ಕಲ್ಸಿದ್ರೆ ತಾನೇ," ಎಂದಳು.

ನಮ್ಮದು ಚಿಕ್ಕ ಮನೆ. ಹಿತ್ತಲ ಮಾತು ನಡುಮನೆ ದಾಟಿ ಜಗಲಿಗೆ ಕೇಳುತ್ತದೆ. ಜಗಲಿಯ ಒಂದು ಕಡೆ ತಾತ, ಇನ್ನೊಂದು ಕಡೆ ಅಪ್ಪ ಕುಳಿತಿದ್ದರು. ನಾನು ಒಳಬಾಗಿಲಿಗೆ ಓಡಿಬಂದು ಅಪ್ಪನ ಮುಖವನ್ನೇ ನೋಡುತ್ತ ನಿಂತೆ. ಈಗಲಾದರೂ ಏಳುತ್ತಾನೆ, ಈಗಲಾದರೂ ಒಂದು ಮಾತು ಹೇಳುತ್ತಾನೆ ಎಂದುಕೊಂಡೆ. ಅಪ್ಪ ಪತ್ರಿಕೆಯ ಪುಟ ತಿರುಗಿಸಿದ.

"ಇದು ಬಿಟ್ರೆ ಇನ್ನೊಂದು ಬಸ್ಸಿಲ್ವ ಮಾವ?" ಎಂದು ಕೇಳಿದ.

ತಾತ ಹೆಗಲ ಟವೆಲನ್ನು ಕಂಬದ ಬುಡಕ್ಕಿಟ್ಟು ಎದ್ದ. ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿಕೊಂಡು ನಡುಮನೆ, ಅಡುಗೆಮನೆ ದಾಟಿ ನೇರ ಹಿತ್ತಲಿಗೆ ನಡೆದ. ಆ ಮನೆಯಲ್ಲಿ ಅವನು ನಡುಮನೆ ದಾಟಿ ಒಳಗೆ ಕಾಲಿಟ್ಟಿದ್ದನ್ನೇ ನಾನು ಕಂಡಿರಲಿಲ್ಲ. ಚಪ್ಪಡಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅಮ್ಮನ ಕೈಯಿಂದ ತಪ್ಪಲೆಯನ್ನು ತೆಗೆದುಕೊಂಡ.

"ಸರ್ಕೋ ತಲ್ಲಿ," ಎಂದ. ನಗರಗೆರೆಯ ಕಡೆ ತೆಲುಗು ಹೀಗೆ ಮುದ್ದು ಮಾಡುವಾಗ ತಾನಾಗಿ ಬರುತ್ತದೆ.

"ಅಪ್ಪಾ, ಬೇಡ. ಎದ್ದೇಳಪ್ಪ," ಎಂದಳು ಅಮ್ಮ.

ಅಜ್ಜಿಯ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತು. ಹೆಣ್ಣು ಕೊಟ್ಟ ಬೀಗರು ಗಂಡಿನ ಮನೆಯ ಹಿತ್ತಲಲ್ಲಿ ಕುಳಿತು ಮುಸುರೆ ತಿಕ್ಕುವುದೆಂದರೆ, ಬೇಲಿಯಾಚೆಯ ಮನೆಯವರು ನೋಡಿದರೆ ಊರೆಲ್ಲ ಆಡಿಕೊಳ್ಳುವ ಸಂಗತಿ. ಅವನು ಆ ತಪ್ಪಲೆಯ ಮುದ್ದೆಯ ಒಂದು ತುತ್ತನ್ನೂ ತಿಂದಿರಲಿಲ್ಲ.

"ಬೀಗ್ರೇ, ಏನಿದು. ಎದ್ದೇಳಿ ಮೇಲೆ."

"ಕಲ್ಸ್ದೋನು ನಾನಲ್ವ ಅಕ್ಕಯ್ಯ," ಎಂದ ತಾತ, ತಲೆ ಎತ್ತದೆ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಂಗೆ ಬಂದಷ್ಟು ಕಲ್ಸಿದೀನಿ. ಅದ್ರಲ್ಲಿ ಕೊರೆ ಇದ್ರೆ ನಾನೇ ತೀರಿಸ್ಬೇಕಲ್ಲ. ಮಗೂನ ಅಂದು ಏನು ಬಂತು."

ಅವನು ತೊಳೆದದ್ದು ಮಡಕೆ ತೊಳೆಯುವ ಹಾಗೆ. ನಾರನ್ನು ಮುಟ್ಟಲಿಲ್ಲ, ಬೂದಿ ಮುಟ್ಟಲಿಲ್ಲ. ನೀರು ತುಂಬಿಸಿ ಕುಲುಕಿದ, ಅಂಗೈಯನ್ನು ಒಳಗೆಲ್ಲ ನಿಧಾನವಾಗಿ ಸವರಿದ, ಚೆಲ್ಲಿದ, ಮತ್ತೆ ಸವರಿದ. ಮಗುವಿನ ತಲೆಗೆ ನೀರು ಹಾಕುವವನಂತೆ ಕಾಣುತ್ತಿದ್ದ. ಮಡಕೆಗೆ ಅಷ್ಟು ಸಾಕು. ಹಿತ್ತಾಳೆ ತಪ್ಪಲೆಯ ಸುರುಳಿ ಅಂಚಿಗೆ ಸಾಲದು. ಅವನು ಎದ್ದು ಎರಡೂ ಕೈಯಲ್ಲಿ ಅದನ್ನು ಅಜ್ಜಿಯ ಮುಂದೆ ಹಿಡಿದಾಗ ಕಂಠದ ಮಡಿಕೆಯಲ್ಲಿ ರಾಗಿ ಹಿಟ್ಟಿನ ಗೆರೆ ಕಪ್ಪಗೆ ಹಾಗೇ ಕೂತಿತ್ತು. ನನಗೆ ಕಂಡಿತು. ಅಮ್ಮನಿಗೆ ಕಂಡಿತು. ಅಜ್ಜಿಯ ಬೆರಳೂ ಅಭ್ಯಾಸಬಲದಿಂದ ಮಡಿಕೆಯೊಳಗೆ ಹೋಗಿ, ಅಲ್ಲೇ ಒಂದು ಗಳಿಗೆ ನಿಂತಿತು.

"ಚೆನ್ನಾಗೈತೆ," ಎಂದಳು ಅಜ್ಜಿ.

ತಾನೇ ಅಡುಗೆಮನೆಗೆ ಹೋಗಿ ಅದನ್ನು ಹಲಗೆಯ ಮೇಲೆ ಇಟ್ಟು ಬಂದಳು. ಮಿಕ್ಕ ಪಾತ್ರೆಗಳನ್ನು ಮತ್ತೆ ತೊಳೆ ಎನ್ನಲಿಲ್ಲ. ಮುಸುರೆ ಚೆಂಬಿಗೆ ತಗುಲಿದ್ದು, ಚೆಂಬು ಸೌಟಿಗೆ ತಗುಲಿದ್ದು ಯಾವುದೂ ನೆನಪಾಗಲಿಲ್ಲ. ನಮ್ಮ ಮನೆಯಲ್ಲಿ ಆ ತಪ್ಪಲೆ ಅಷ್ಟು ಸುಲಭವಾಗಿ ಪಾಸಾದದ್ದು ಆವತ್ತೊಂದೇ ದಿನ, ಅದೂ ಅಷ್ಟು ಕೊಳೆಯಿದ್ದಾಗ. ಅಮ್ಮನ ಕೈಯ ಚರ್ಮ ಕಿತ್ತುಬರುವಷ್ಟು ತಿಕ್ಕಿಸಿದ್ದು ಹಿಟ್ಟಿಗಾಗಿ ಅಲ್ಲವೇ ಅಲ್ಲ ಎಂದು ನನಗೆ ತಿಳಿದದ್ದು ಆಗಲೇ. ಕುದಿದುಹೋದೆ. ಆದರೂ ಇನ್ನೊಂದು ಕಡೆ ಖುಷಿ. ಹೊತ್ತಿತ್ತು, ಓಡಿದರೆ ಬಸ್ಸು ಸಿಗುತ್ತಿತ್ತು. ನಾನು ಬಟ್ಟೆಯ ಗಂಟನ್ನು ಹೆಗಲಿಗೇರಿಸಿ ಹೊಸಿಲ ಹತ್ತಿರ ನಿಂತು, ಬಾಮ್ಮಾ ಬಾ ಎಂದು ಕೂಗಿದೆ.

ಅಮ್ಮ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಅವಳು ಹಲಗೆಯಿಂದ ತಪ್ಪಲೆಯನ್ನು ಇಳಿಸುತ್ತಿದ್ದಳು. ಹಸಿರು ಸೀರೆಯಲ್ಲೇ ಮತ್ತೆ ಚಪ್ಪಡಿಯ ಮುಂದೆ ಕುಳಿತಳು. ಬೂದಿ ತೆಗೆದುಕೊಂಡಳು, ಹುಣಸೆ ತೆಗೆದುಕೊಂಡಳು, ನಾರಿನ ಒಂದು ಎಳೆಯನ್ನು ಹೊಸೆದು ಕಂಠದ ಮಡಿಕೆಗೆ ಹಾಕಿ ಎಳೆಯತೊಡಗಿದಳು.

"ಬಸ್ಸು ಹೋಗುತ್ತಮ್ಮ," ಎಂದೆ. ಅಳು ಬಂದಿತ್ತು.

"ಹೋಗ್ಲಿ. ನಾವು ಆಕಡೆ ಹೋದ್ಮೇಲೆ ಇದನ್ನ ತೆಗೆದು ನಾಕು ಜನಕ್ಕೆ ತೋರಿಸ್ತಾರೆ ಕಣೇ. ನಗರಗೆರೆಯೋನು ತೊಳೆದ ಚಂದ ನೋಡಿ ಅಂತಾರೆ. ನಮ್ಮಪ್ಪನ್ನ ಯಾರೂ ಅನ್ನಬಾರ್ದು."

ನಾನು ಅವಳ ಕೈ ಹಿಡಿದು ಎಳೆದೆ. ಅವಳು ಕೊಡವಿಕೊಂಡಳು. ಜಗಲಿಯಲ್ಲಿ ತಾತ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಹಿತ್ತಲಿನಿಂದ ಉಜ್ಜುವ ಸದ್ದು ಅವನಿಗೆ ಕೇಳುತ್ತಿತ್ತು. ಒಂದಷ್ಟು ಹೊತ್ತು ಕೇಳಿ, ಒಳಗೆ ಬಂದು ಅರಿಶಿನ ಹಚ್ಚಿದ ಮೊರವನ್ನು ನಡುಮನೆಯಲ್ಲಿಟ್ಟ. ನನ್ನ ತಲೆ ಸವರಿ ಹೊರಟುಹೋದ. ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ. ಅವನ ಕೈಲಾದದ್ದು ಅಷ್ಟು.

ಮುಂದಿನ ವರ್ಷದಿಂದ ತಾತ ಬರಲಿಲ್ಲ. ಸಂತೆಗೆ ಬರುವವರ ಕೈಯಲ್ಲಿ ಬಾಗಿನ ಕಳಿಸುತ್ತಿದ್ದ. ಬಂದರೆ ತನ್ನಿಂದ ಮಗಳಿಗೆ ಮತ್ತೆ ತೊಂದರೆ ಎಂದುಕೊಂಡನೋ ಏನೋ. ಕೆಲವು ವರ್ಷಕ್ಕೆ ತೀರಿಕೊಂಡ. ಅವನ ಮನೆ ದಾಯಾದಿಗಳಿಗೆ ಹೋಯಿತು. ಅಮ್ಮ ಅತ್ತದ್ದು ಚಪ್ಪಡಿಯ ಮುಂದೆಯೇ, ಕೈಯಲ್ಲಿ ನಾರು ಹಿಡಿದು. ಅಷ್ಟರಲ್ಲಿ ಅವಳು ಬೇರೆಯೇ ಹೆಂಗಸಾಗಿದ್ದಳು. ಅಜ್ಜಿ ಬೆರಳು ಹಾಕುವ ಮೊದಲು ತಾನೇ ಹಾಕಿ ನೋಡುವಳು. ನಾನು ತೊಳೆದ ಪಾತ್ರೆಯನ್ನು ಹಿಡಿದು ಎಲ್ಲಾ ಮತ್ತೆ ತೊಳಿ ಎನ್ನುವಳು. ಅಜ್ಜಿಯ ಮೇಲೆ ಸಿಟ್ಟಾಗುವುದು ನನಗೆ ಸುಲಭವಿತ್ತು. ಅಮ್ಮನ ಮೇಲೆ ಸಿಟ್ಟಾಗಿ ಎಲ್ಲಿಗೆ ಹೋಗಲಿ? ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಹೊರಟಾಗ ಮಡಿಲು ತುಂಬಿ ಅವಳು ಕಿವಿಯಲ್ಲಿ ಹೇಳಿದ್ದು, ಗಂಡನ ಮಾತು ಕೇಳು ಎಂದಲ್ಲ, ಕಂಠ ನೋಡ್ಕೋ ಎಂದು. ಇವತ್ತಿಗೂ ನಮ್ಮ ಮನೆಯ ಸ್ಟೀಲ್ ಪಾತ್ರೆಗಳಿಗೆ ನನ್ನ ಬೆರಳು ತಾನಾಗಿ ಹೋಗುತ್ತದೆ. ಅವಕ್ಕೆ ಆ ಸುರುಳಿಯೇ ಇಲ್ಲ. ಆದರೂ ಹೋಗುತ್ತದೆ, ಹೋದಾಗಲೆಲ್ಲ ನನ್ನ ಮೇಲೆ ನನಗೇ ಉರಿಯುತ್ತದೆ.

ಅಜ್ಜಿಯ ಕಣ್ಣು ಮಂಜಾದ ಮೇಲೆ ಒಂದು ಗೌರಿ ಹಬ್ಬಕ್ಕೆ ನಾನು ತವರಿಗೆ ಹೋಗಿದ್ದೆ. ನನ್ನನ್ನು ಕಳಿಸಲು ಶಿಡ್ಲಘಟ್ಟದಲ್ಲಿ ಯಾರೂ ಪಾತ್ರೆ ನೋಡಿರಲಿಲ್ಲ. ಊಟವಾಗಿತ್ತು. ಅಮ್ಮ ಮುಸುರೆ ಎತ್ತಿಕೊಂಡು ಹಿತ್ತಲಿಗೆ ಹೊರಟಾಗ, ಬಾಗಿಲ ಹತ್ತಿರ ಕಾಲು ಚಾಚಿ ಕುಳಿತಿದ್ದ ಅಜ್ಜಿ ಸದ್ದಿನ ಕಡೆ ಮುಖ ತಿರುಗಿಸಿದಳು.

"ನಾಗೂ, ಪಾತ್ರೆ ಹಂಗೇ ಇರ್ಲಿ. ನೀನೂ ಹಬ್ಬಕ್ಕೆ ಊರಿಗೆ ಹೋಗ್ಬಾಮ್ಮ."

"ಯಾರ ಮನೆಗೆ ಅತ್ತೆ?" ಎಂದಳು ಅಮ್ಮ.

ಅಮ್ಮ ಹಿತ್ತಲಿಗೆ ಹೋಗಿ ಎಂದಿನಂತೆ ಎಲ್ಲವನ್ನೂ ತೊಳೆದಳು. ನೀರು ಸೇದಿ ಕೊಡುತ್ತೇನೆಂದರೆ ಬೇಡವೆಂದಳು. ಎಲ್ಲ ಬೋರಲು ಹಾಕಿ, ಮುದ್ದೆ ತಪ್ಪಲೆಯೊಂದನ್ನು ಸೆರಗಿನಲ್ಲಿ ಒರೆಸಿ ತಂದು ಅಜ್ಜಿಯ ಮಡಿಲಲ್ಲಿಟ್ಟಳು. ಅಜ್ಜಿಯ ಎರಡೂ ಕೈ ಅದರ ಹೊರಮೈಯನ್ನು ತಬ್ಬಿಕೊಂಡವು. ಬೆರಳು ಮಾತ್ರ ಒಳಗೆ ಹೋಗಲಿಲ್ಲ.

"ಚೆನ್ನಾಗೈತೆ ಕಣಮ್ಮ," ಎಂದಳು.

ಅಮ್ಮ ಅವಳ ಮುಂದೆ ನೆಲಕ್ಕೆ ಕುಳಿತಳು.

"ಕಂಠ ನೋಡಿ ಹೇಳಿ ಅತ್ತೆ," ಎಂದಳು.